ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ: ದಿನಬಳಕೆಯ ಕಾರಿನ ಎಂಜಿನ್ ಆಯಿಲ್ ಬದಲಿಸುವ ಲೆಕ್ಕ

ಹಿರೇಮಗಳೂರಿನ ನಮ್ಮ ಮನೆಯಿಂದ ಚಿಕ್ಕಮಗಳೂರು ಪೇಟೆಯೊಳಗಿನ ಕಚೇರಿಗೆ ಮೂರು ಕಿಲೋಮೀಟರ್. ಬೇಲೂರಿನಲ್ಲಿರುವ ನನ್ನ ಭಾವ ದಿನವೂ ಹಾಸನಕ್ಕೆ ಹೋಗಿ ಪಾಠ ಮಾಡಿ ಬರುತ್ತಾರೆ. ಅವರಿಗೆ ಒಂದು ಕಡೆಗೇ ಸುಮಾರು ನಲವತ್ತು ಕಿಲೋಮೀಟರ್. ಇಬ್ಬರದೂ ಒಂದೇ ಮಾದರಿಯ ಪೆಟ್ರೋಲ್ ಕಾರು. ತಿಂಗಳಿಗೆ 25 ಕೆಲಸದ ದಿನ ಎಂದು ಲೆಕ್ಕ ಹಿಡಿದರೆ ನನ್ನ ಕಾರು ವರ್ಷಕ್ಕೆ ಓಡುವುದು 1,800 ಕಿಲೋಮೀಟರ್. ಭಾವನ ಕಾರು ಒಂದೇ ತಿಂಗಳಲ್ಲಿ 2,000 ಮುಟ್ಟುತ್ತದೆ. ಯಾರ ಕಾರಿನ ಆಯಿಲ್ ಬೇಗ ಕೆಡುತ್ತದೆ ಎಂದರೆ ಎಲ್ಲರ ಬೆರಳೂ ಭಾವನ ಕಾರಿನ ಕಡೆ ಹೋಗುತ್ತದೆ. ಕಿಲೋಮೀಟರಿಗೆ ಕಿಲೋಮೀಟರ್ ಹಿಡಿದು ನೋಡಿದರೆ ಬೇಗ ಕೆಡುವುದು ನನ್ನದು.

ಇದು ನನಗೆ ಗೊತ್ತಾದದ್ದು ಒಂದು ಜುಲೈ ತಿಂಗಳ ಬೆಳಿಗ್ಗೆ. ವಾರದಿಂದ ಬಿಡದೆ ಮಳೆ. ಕಿಟಕಿ ಒರೆಸುವ ನೀರು ತುಂಬಿಸಲು ಬಾನೆಟ್ ಎತ್ತಿದವನು ಪಕ್ಕದಲ್ಲಿದ್ದ ಆಯಿಲ್ ಮುಚ್ಚಳವನ್ನೂ ತಿರುಗಿಸಿ ತೆಗೆದೆ. ಮುಚ್ಚಳದ ಒಳಮೈಗೆ, ಮೊಸರು ಕಡೆಯುವಾಗ ಕಡೆಗೋಲಿಗೆ ಬೆಣ್ಣೆ ಹತ್ತಿಕೊಳ್ಳುವಂತೆ, ಹಳದಿಬಿಳಿ ನೊರೆ ಹತ್ತಿತ್ತು. ಬೆರಳಿನಲ್ಲಿ ತಿಕ್ಕಿದರೆ ಜಿಡ್ಡೂ ಹೌದು, ನೀರೂ ಹೌದು. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಎಂಜಿನ್ ಬಿಚ್ಚಬೇಕು" ಎಂದರು. ಎಂಜಿನ್ ತಣಿಸುವ ನೀರು, ಅಂದರೆ ಕೂಲಂಟ್, ಆಯಿಲ್‌ಗೆ ಸೇರದಂತೆ ತಡೆಯುವ ಪಟ್ಟಿ ಅದು. ಗಾಬರಿಯಾದರೂ ಒಂದು ದಿನದ ಸಮಯ ಕೇಳಿ ಮನೆಗೆ ಬಂದೆ. ಕೂಲಂಟ್ ಡಬ್ಬಿಯಲ್ಲಿ ನೀರು ಒಂದು ಗೆರೆಯೂ ಇಳಿದಿರಲಿಲ್ಲ. ಆಯಿಲ್ ಮಟ್ಟ ಅಳೆಯುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು, ಎಳೆದು ನೋಡಿದರೆ ಅದರಲ್ಲಿದ್ದ ಆಯಿಲ್‌ನಲ್ಲಿ ನೊರೆ ಇರಲಿಲ್ಲ. ಮುಚ್ಚಳ ಒರೆಸಿ, ಕಡೂರಿಗೆ ಹೋಗಿ ಬಂದೆ. ಹೋಗಿಬರಲು ಎಂಬತ್ತು ಕಿಲೋಮೀಟರ್. ಮರುದಿನ ಮುಚ್ಚಳ ತೆಗೆದಾಗ ಒಳಗೆ ಶುದ್ಧವಾಗಿತ್ತು. ಗ್ಯಾಸ್ಕೆಟ್ ಗಟ್ಟಿಯಾಗಿಯೇ ಇತ್ತು. ಕೆಟ್ಟದ್ದು ನನ್ನ ಮೂರು ಕಿಲೋಮೀಟರಿನ ಓಡಾಟ.

ಆಯಿಲ್ ಕೆಡುವುದು ಹೇಗೆ

ಇದೊಂದು ಮನಸ್ಸಿಗೆ ಹತ್ತಿದರೆ ಮುಂದಿನ ಲೆಕ್ಕವೆಲ್ಲ ಸಲೀಸು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚೂಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಹಬೆಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವ ನೀರು ಅದೇ. ಸ್ವಲ್ಪ ಭಾಗ ಮಾತ್ರ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ನುಸುಳಿ, ಕೆಳಗೆ ಆಯಿಲ್ ಇರುವ ಜಾಗಕ್ಕೆ ಇಳಿಯುತ್ತದೆ. ಇನ್ನೊಂದು ಸಂಗತಿ: ಎಂಜಿನ್ ತಣ್ಣಗಿರುವಾಗ ಅದಕ್ಕೆ ಪೆಟ್ರೋಲ್ ಹೆಚ್ಚು ಬೇಕು. ಪೂರ್ತಿ ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆ ಹಿಡಿದು ಅದೇ ದಾರಿಯಲ್ಲಿ ಆಯಿಲ್ ಸೇರುತ್ತದೆ.

ಎಂಜಿನ್ ಚೆನ್ನಾಗಿ ಕಾದು ಅರ್ಧ ಗಂಟೆ ಓಡಿದರೆ ಈ ನೀರೂ ಪೆಟ್ರೋಲಿನ ಬಹುಭಾಗವೂ ಆವಿಯಾಗಿ ಮೇಲೇಳುತ್ತವೆ. ಅದನ್ನು ಹೀರಿಕೊಂಡು ಮತ್ತೆ ಉರಿಸಲು ಎಂಜಿನ್‌ನಲ್ಲಿ ಒಂದು ಕೊಳವೆಯ ವ್ಯವಸ್ಥೆಯೇ ಇದೆ. ಭಾವನ ಕಾರಿನಲ್ಲಿ ಇದು ದಿನಕ್ಕೆರಡು ಸಲ ನಡೆಯುತ್ತದೆ. ನನ್ನ ಕಾರಿನಲ್ಲಿ ಆಯಿಲ್ ಬೆಚ್ಚಗಾಗುವ ಹೊತ್ತಿಗೆ ಕಚೇರಿ ಬಂದಿರುತ್ತದೆ. ಬೆಳಿಗ್ಗೆ ಸೇರಿದ ನೀರಿನ ಮೇಲೆ ಸಂಜೆಯ ನೀರು, ಅದರ ಮೇಲೆ ನಾಳೆಯದು. ನೀರು ಮತ್ತು ಉರಿದ ಅನಿಲಗಳು ಸೇರಿದರೆ ಆಮ್ಲ. ಆ ಆಮ್ಲವನ್ನು ತಣಿಸಲೆಂದೇ ಹೊಸ ಆಯಿಲ್‌ನಲ್ಲಿ ಕ್ಷಾರದ ಅಂಶ ಬೆರೆಸಿರುತ್ತಾರೆ. ಅದು ದಿನದಿನಕ್ಕೆ ಖರ್ಚಾಗಿ, ಕೊನೆಗೆ ಆಯಿಲ್ ಇದ್ದೂ ಇಲ್ಲದಂತಾಗುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಹಿಡಿದುಕೊಳ್ಳುವ ಗುಣದ್ದು. ಚಿಕ್ಕ ಓಡಾಟದವರಿಗೆ ಇದೂ ಸೇರಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಆರದ ಮಲೆನಾಡಿನ ಅಂಚಿನ ಊರು ನಮ್ಮದು, ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲೆ. ಎಂಜಿನ್ ಕಾಯುವುದು ನಿಧಾನ, ಆರುವುದು ಬೇಗ.

ಮೊದಲ ಹೆಜ್ಜೆ: ಮ್ಯಾನ್ಯುಯಲ್‌ನಲ್ಲಿ ಎರಡನೇ ಪಟ್ಟಿಯನ್ನು ಹುಡುಕಿ

ಕಾರಿನೊಂದಿಗೆ ಬಂದ ಪುಸ್ತಕ ಗ್ಲೋವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಚೀಲ ಬಿಚ್ಚದೆ ಬಿದ್ದಿರುತ್ತದೆ. ತೆಗೆದು ಸರ್ವೀಸ್ ಅಧ್ಯಾಯ ನೋಡಿ. ಇಂದಿನ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿರುತ್ತದೆ. ಜನ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಇನ್ನೆರಡು ಪುಟ ತಿರುಗಿಸಿದರೆ "ಕಠಿಣ ಬಳಕೆ" ಎಂಬ ಅರ್ಥದ ಇನ್ನೊಂದು ಪಟ್ಟಿ ಸಿಗುತ್ತದೆ. ಮತ್ತೆ ಮತ್ತೆ ಚಿಕ್ಕ ದೂರ ಓಡಿಸುವುದು, ಧೂಳಿನ ರಸ್ತೆ, ಬೆಟ್ಟದ ಏರು, ನಿಂತು ನಿಂತು ಸಾಗುವ ದಟ್ಟಣೆ, ಭಾರ ಎಳೆಯುವುದು, ಇವೆಲ್ಲ ಅದರಲ್ಲಿ ಬರುತ್ತವೆ. ಅಲ್ಲಿನ ಅವಧಿ ಸಾಮಾನ್ಯವಾಗಿ ಮೊದಲಿನದರ ಅರ್ಧ.

"ಯಾವುದು ಮೊದಲೋ ಅದು" ಎಂಬ ಮಾತನ್ನು ಎರಡು ಸಲ ಓದಿ. ವರ್ಷಕ್ಕೆ 1,800 ಕಿಲೋಮೀಟರ್ ಓಡಿಸುವವರು 10,000 ಆಗಲಿ ಎಂದು ಕಾದರೆ ಐದು ವರ್ಷ ದಾಟುತ್ತದೆ. ಹಾಗೆ ಕಾದವರನ್ನು ನಾನು ಕಂಡಿದ್ದೇನೆ. ಕಾರನ್ನು ಜೋಪಾನವಾಗಿ ಇಟ್ಟುಕೊಂಡ ಹಿರಿಯರೇ ಹೆಚ್ಚಾಗಿ ಹೀಗೆ ಮಾಡುತ್ತಾರೆ ಎಂಬುದು ಬೇಸರದ ಸಂಗತಿ.

ಎರಡನೇ ಹೆಜ್ಜೆ: ಒಂದು ವಾರದ ದಿನಚರಿ

ಸಣ್ಣ ನೋಟ್‌ಬುಕ್ ಕಾರಿನಲ್ಲಿಡಿ. ಏಳು ದಿನ, ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಒಂದು ಸಾಲು ಬರೆಯಿರಿ: ಎಂಜಿನ್ ತಣ್ಣಗಿತ್ತೇ, ಎಷ್ಟು ದೂರ, ಎಷ್ಟು ನಿಮಿಷ. ಬೆಳಿಗ್ಗೆ ಮಕ್ಕಳ ಶಾಲೆ, ಅಲ್ಲಿಂದ ಕಚೇರಿ, ಮಧ್ಯಾಹ್ನ ಊಟಕ್ಕೆ ಮನೆ, ಸಂಜೆ ತರಕಾರಿ. ಹೀಗೆ ದಿನಕ್ಕೆ ಆರು ಸ್ಟಾರ್ಟ್ ಆಗಿ ಒಟ್ಟು ದೂರ ಹತ್ತೇ ಕಿಲೋಮೀಟರ್ ಬರಬಹುದು.

ವಾರ ಮುಗಿದ ಮೇಲೆ ಇಪ್ಪತ್ತು ನಿಮಿಷಕ್ಕೂ ಕಡಿಮೆ ಓಡಿದ ಸಲಗಳನ್ನು ಎಣಿಸಿ. ಅರ್ಧಕ್ಕಿಂತ ಹೆಚ್ಚಿದ್ದರೆ ನಿಮ್ಮದು ಎರಡನೇ ಪಟ್ಟಿ. ಇಪ್ಪತ್ತೇ ಏಕೆ? ಕೂಲಂಟ್ ಬೇಗ ಕಾಯುತ್ತದೆ, ಆಯಿಲ್ ಪೂರ್ತಿ ಕಾಯಲು ಅದರ ಎರಡರಷ್ಟು ಹೊತ್ತು ಬೇಕಾಗುತ್ತದೆ. ಈಗಿನ ಅನೇಕ ಕಾರುಗಳಲ್ಲಿ ಬಿಸಿಯ ಮುಳ್ಳು ಇಲ್ಲ, ತಣ್ಣಗಿದೆ ಎಂದು ಹೇಳುವ ನೀಲಿ ದೀಪವಿದೆ. ಅದು ಆರಿತೆಂದರೆ ಕಾದದ್ದು ಕೂಲಂಟ್ ಮಾತ್ರ.

ಚಳಿಗೆ ಹೆದರಿ ಮನೆಯ ಮುಂದೆ ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು ನಿಲ್ಲಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ನಿಂತ ಎಂಜಿನ್ ಕಾಯುವುದು ಬಹಳ ನಿಧಾನ, ಅಷ್ಟು ಹೊತ್ತೂ ಹೆಚ್ಚಿನ ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತಿರುತ್ತದೆ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಡಿ.

ಮೂರನೇ ಹೆಜ್ಜೆ: ಅವಧಿ ಗೊತ್ತುಮಾಡುವುದು

ಪೇಟೆಯೊಳಗೇ ಮೂರು ನಾಲ್ಕು ಕಿಲೋಮೀಟರ್ ಓಡಾಡುವ ಪೆಟ್ರೋಲ್ ಕಾರು ನಿಮ್ಮದಾದರೆ ಕಿಲೋಮೀಟರ್ ಮರೆತು ತಿಂಗಳು ಎಣಿಸಿ. ಆರು ತಿಂಗಳಿಗೊಮ್ಮೆ ಬದಲಿಸಿ. ನೆನಪಿಗೆ ನಾನು ಹಿಡಿದಿರುವ ಗುರುತು ಯುಗಾದಿ ಮತ್ತು ಆಯುಧಪೂಜೆ. ಚೈತ್ರದ ಪಾಡ್ಯಕ್ಕೂ ಆಶ್ವಯುಜದ ನವಮಿಗೂ ನಡುವೆ ಹೆಚ್ಚೂಕಡಿಮೆ ಆರು ತಿಂಗಳು. ಯುಗಾದಿಗೆ ಹಾಕಿದ ಹೊಸ ಆಯಿಲ್ ಇಡೀ ಮಳೆಗಾಲವನ್ನು ಹೊತ್ತು ದಾಟಿಸುತ್ತದೆ. ಆ ಮಳೆಗಾಲದ ನೀರು ಹಿಡಿದ ಆಯಿಲ್ ಆಯುಧಪೂಜೆಗೆ ಇಳಿಯುತ್ತದೆ. ಕಾರಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುವ ದಿನದ ಹಿಂದಿನ ವಾರವೇ ಗ್ಯಾರೇಜಿಗೆ ಹೋಗಿ. ಹಬ್ಬದ ಮುನ್ನಾದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಾರಕ್ಕೊಮ್ಮೆ ಬೇಲೂರಿಗೋ ಕಡೂರಿಗೋ ಮುಕ್ಕಾಲು ಗಂಟೆ ಓಡಿಸುವ ರೂಢಿಯಿದ್ದರೆ ಎಂಟು ಒಂಬತ್ತು ತಿಂಗಳಿಗೆ ಹಿಗ್ಗಿಸಬಹುದು. ವರ್ಷ ಮಾತ್ರ ದಾಟಿಸಬೇಡಿ.

ಭಾವನಂಥವರು, ಅಂದರೆ ಬೇಲೂರಿನಿಂದ ಹಾಸನ, ಹಾಸನದಿಂದ ಸಕಲೇಶಪುರ, ಮೂಡಿಗೆರೆಯಿಂದ ಚಿಕ್ಕಮಗಳೂರು ಎಂದು ದಿನವೂ ಮೂವತ್ತು ನಲವತ್ತು ಕಿಲೋಮೀಟರ್ ಒಂದೇ ಉಸಿರಿಗೆ ಓಡಿಸುವವರು, ಪುಸ್ತಕದ 10,000ವನ್ನೇ ನಂಬಿ. ಐದು ತಿಂಗಳಲ್ಲಿ ಅದು ಬಂದುಬಿಡುತ್ತದೆ. "ಐದು ಸಾವಿರಕ್ಕೇ ಹಾಕಿಸಿಬಿಡಿ ಮೇಷ್ಟ್ರೇ, ಎಂಜಿನ್ ಬೆಣ್ಣೆಯ ಹಾಗಿರುತ್ತದೆ" ಎಂದು ಭಾವನಿಗೆ ಹೇಳಿದವರು ಬಹಳ. ಅದು ಹಿಂದಿನ, ಕಚ್ಚಾ ತೈಲ ಸಂಸ್ಕರಿಸಿ ತೆಗೆದ ಮಿನರಲ್ ಆಯಿಲ್ ಕಾಲದ ಮಾತು. ಕಾದು ಓಡುವ ಎಂಜಿನ್‌ನಲ್ಲಿ ಈಗಿನ ಆಯಿಲ್ ಐದು ಸಾವಿರಕ್ಕೆ ಅರ್ಧ ಆಯುಸ್ಸನ್ನೂ ಕಳೆದಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ಚೆಲ್ಲುವುದು ದುಡ್ಡಿಗೂ ನಷ್ಟ, ನೆಲಕ್ಕೂ ಹೊರೆ.

ಮೂರನೆಯವರು ತೋಟದ ಕಡೆಯವರು. ಆಲ್ದೂರು, ಬಾಳೆಹೊನ್ನೂರು, ಕೊಟ್ಟಿಗೆಹಾರದ ಕಡೆ ಡಾಂಬರು ಬಿಟ್ಟು ಒಳಗೆ ಎರಡು ಮೂರು ಕಿಲೋಮೀಟರ್ ಮಣ್ಣಿನ ದಾರಿ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲಿನ ಹೊತ್ತಿನಲ್ಲಿ ಆ ದಾರಿಯ ಕೆಂಪು ಧೂಳು ಗಿಡದ ಎಲೆ ಕಾಣದಂತೆ ಮುಚ್ಚಿರುತ್ತದೆ. ಆ ಧೂಳಿನಲ್ಲಿರುವ ಮರಳಿನ ಅತಿ ಸಣ್ಣ ಕಣ ಏರ್ ಫಿಲ್ಟರ್ ದಾಟಿ ಆಯಿಲ್ ಸೇರಿದರೆ ಸಾಣೆಕಲ್ಲಿನ ಪುಡಿ ಹಾಕಿದ ಹಾಗೆ. ಅದರ ಜೊತೆಗೆ ಘಾಟಿಯ ಏರು, ಕೆಳಗಿನ ಗೇರಿನಲ್ಲಿ ಕಿರುಚುವ ಎಂಜಿನ್. ಇಲ್ಲಿ 5,000 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಆಯಿಲ್‌ಗಿಂತ ಮೊದಲು ಏರ್ ಫಿಲ್ಟರ್ ನೋಡಿಕೊಳ್ಳಿ. ಕೊಯ್ಲಿನ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ನೋಡಿದರೂ ಹೆಚ್ಚಲ್ಲ.

ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಪೆಟ್ರೋಲ್ ಕಾರಿನವರು ಪುಸ್ತಕದ ಅವಧಿಯನ್ನು ಒಂದು ದಿನವೂ ಹಿಗ್ಗಿಸಬಾರದು. ಕೆಂಪಗೆ ಕಾಯುವ ಟರ್ಬೊದೊಳಗೆ ಸುತ್ತುವ ಕಡ್ಡಿಗೆ ಈ ಆಯಿಲ್ ಬಿಟ್ಟರೆ ಬೇರೆ ಆಧಾರವಿಲ್ಲ. ಸಿಎನ್‌ಜಿ ಕಾರಿಗೂ ಪೆಟ್ರೋಲ್ ಕಾರಿನ ಲೆಕ್ಕವೇ.

ಡೀಸೆಲ್ ಕಾರಿನ ಆಯಿಲ್ ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಅದು ಮಸಿಯನ್ನು ತನ್ನೊಳಗೆ ಹಿಡಿದುಕೊಂಡು ಎಂಜಿನ್ ಗೋಡೆಗೆ ಅಂಟದಂತೆ ನೋಡಿಕೊಳ್ಳುತ್ತಿದೆ ಎಂದರ್ಥ. ಬಣ್ಣ ನೋಡಿ ತೀರ್ಪು ಕೊಡಬೇಡಿ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ, ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್6 ನಿಯಮದ ನಂತರದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಅದನ್ನು ಸುಟ್ಟು ಶುದ್ಧಮಾಡಲು ಎಂಜಿನ್ ಆಗಾಗ ಹೆಚ್ಚು ಡೀಸೆಲ್ ಚಿಮ್ಮಿಸುತ್ತದೆ. ಪೇಟೆಯೊಳಗೇ ಓಡಿಸಿ, ಆ ಕೆಲಸ ಅರ್ಧಕ್ಕೇ ನಿಂತರೆ ಆ ಡೀಸೆಲ್ ಆಯಿಲ್‌ಗೆ ಬಂದು ಸೇರುತ್ತದೆ. ದಿನಕ್ಕೆ ಮೂರು ಕಿಲೋಮೀಟರಿಗೆ ಡೀಸೆಲ್ ಕಾರು ಕೊಳ್ಳಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುವುದು ಇದಕ್ಕೇ.

ನಾಲ್ಕನೇ ಹೆಜ್ಜೆ: ಡಿಪ್‌ಸ್ಟಿಕ್ ಓದಲು ಕಲಿಯಿರಿ

ಎಷ್ಟೇ ಒಳ್ಳೆಯ ಲೆಕ್ಕ ಹಾಕಿದರೂ ಹದಿನೈದು ದಿನಕ್ಕೊಮ್ಮೆ ಈ ಕಡ್ಡಿಯನ್ನು ಎಳೆದು ನೋಡದಿದ್ದರೆ ವ್ಯರ್ಥ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನಮ್ಮ ಊರಿನ ಇಳಿಜಾರಿನ ಓಣಿಗಳಲ್ಲಿ ನೋಡಿದರೆ ಅಳತೆ ಸುಳ್ಳು ಹೇಳುತ್ತದೆ. ಓಡಿಸಿ ಬಂದಿದ್ದರೆ ಎಂಜಿನ್ ನಿಲ್ಲಿಸಿ ಐದರಿಂದ ಹತ್ತು ನಿಮಿಷ ಕಾಯಿರಿ, ಮೇಲಿನ ಆಯಿಲ್ ಕೆಳಗಿಳಿಯಲಿ. ಕಡ್ಡಿ ಎಳೆದು, ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಒರೆಸಿ, ಪೂರ್ತಿ ಒಳಗೆ ತೂರಿಸಿ, ಮತ್ತೆ ಎಳೆಯಿರಿ. ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರವಿದ್ದರೆ ಸರಿ.

ಇಳಿಯುತ್ತಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಅಥವಾ ಎಲ್ಲೋ ಸೋರುತ್ತಿದೆ. ಅದೇ ದರ್ಜೆಯ ಆಯಿಲ್ ತಂದು, ಸ್ವಲ್ಪಸ್ವಲ್ಪವೇ ಸುರಿದು ನೋಡಿ. ಏರುತ್ತಿದ್ದರೆ ಹೆಚ್ಚು ಎಚ್ಚರ ಬೇಕು. ಯಾರೂ ಸುರಿಯದೆ ಆಯಿಲ್ ಹೆಚ್ಚುವುದಿಲ್ಲ, ಹೆಚ್ಚಾದದ್ದು ಪೆಟ್ರೋಲೋ ಡೀಸೆಲ್ಲೋ ನೀರೋ. ಕಡ್ಡಿಯನ್ನು ಮೂಗಿಗೆ ಹಿಡಿಯಿರಿ. ಪೆಟ್ರೋಲ್ ವಾಸನೆ ಗಾಢವಾಗಿ ಹೊಡೆದರೆ ಗಡುವು ಎಷ್ಟೇ ಉಳಿದಿರಲಿ, ಆ ವಾರವೇ ಬದಲಿಸಿ. ಬೆರಳಿಗೆ ಮರಳಿನಂತೆ ತಾಗಿದರೂ ಅಷ್ಟೇ. ಮುಚ್ಚಳದಲ್ಲಷ್ಟೇ ಅಲ್ಲದೆ ಕಡ್ಡಿಯ ಆಯಿಲ್‌ನಲ್ಲೂ ಕಾಫಿ ಬಣ್ಣದ ನೊರೆ ಇದ್ದು ಕೂಲಂಟ್ ಕೂಡ ಇಳಿಯುತ್ತಿದ್ದರೆ ಗ್ಯಾಸ್ಕೆಟ್‌ನ ಅನುಮಾನ ನಿಜ, ಕಾರನ್ನು ಓಡಿಸಬೇಡಿ.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ, ಒತ್ತಡ ಬಿದ್ದುಹೋಗಿದೆ ಎನ್ನುತ್ತದೆ. ಅದು ಹೊತ್ತಿಕೊಂಡರೆ ಮುಂದಿನ ಊರಿನವರೆಗೆ ಹೋಗೋಣ ಎನ್ನಬೇಡಿ, ಎಂಜಿನ್ ಅಲ್ಲೇ ನಿಲ್ಲಿಸಿ. ಆಯಿಲ್ ಕಡಿಮೆಯಿದ್ದಾಗ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ತಿರುವು ತೆಗೆಯುವಾಗ ಇದ್ದಷ್ಟು ಆಯಿಲ್ ಒಂದು ಮೂಲೆಗೆ ಸರಿದು ಪಂಪಿಗೆ ಸಿಗದೆ ಹೋಗುತ್ತದೆ. ದೀಪ ಒಂದು ಕ್ಷಣ ಮಿನುಗಿ ಆರುತ್ತದೆ. ಹಾಗೆ ಮಿನುಗಿದ್ದನ್ನು ಕಂಡರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಡ್ಡಿ ಎಳೆಯಿರಿ.

ಐದನೇ ಹೆಜ್ಜೆ: ಯಾವ ಆಯಿಲ್

ಪುಸ್ತಕದಲ್ಲಿ 0ಡಬ್ಲ್ಯೂ-16, 0ಡಬ್ಲ್ಯೂ-20, 5ಡಬ್ಲ್ಯೂ-30 ಎಂಬಂಥ ಸಂಖ್ಯೆ ಇರುತ್ತದೆ. ಡಬ್ಲ್ಯೂ ಎಂದರೆ ಚಳಿಗಾಲ. ಅದರ ಎಡಗಡೆಯ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಬೇಗ ಹರಿದು ಎಲ್ಲ ಮೂಲೆಗೂ ತಲುಪುತ್ತದೆ. ಬಲಗಡೆಯದು ಕಾದಾಗಿನ ಗಟ್ಟಿತನ. "ನಮ್ಮ ಕಡೆ ಏರು ಜಾಸ್ತಿ, ಗಟ್ಟಿ ಆಯಿಲ್ ಹಾಕೋಣ" ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ತೆಳು ಆಯಿಲ್‌ಗೆಂದು ಬಿಗಿಯಾಗಿ ಮಾಡಿದ ಹೊಸ ಎಂಜಿನ್‌ಗೆ 15ಡಬ್ಲ್ಯೂ-40 ಸುರಿದರೆ ಬೆಳಗಿನ ಮೊದಲ ಕ್ಷಣಗಳಲ್ಲಿ ಮೇಲಿನ ಭಾಗಗಳಿಗೆ ಅದು ತಡವಾಗಿ ಏರುತ್ತದೆ. ಪುಸ್ತಕದಲ್ಲಿದ್ದುದನ್ನೇ ಹಾಕಿ. ಪೆಟ್ರೋಲ್ ಕಾರಿಗೆ ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಎಂಬ ಗುಣಮಟ್ಟದ ಗುರುತಿದ್ದರೆ ಒಳ್ಳೆಯದು; 2020ರಲ್ಲಿ ಬಂದ ಈ ದರ್ಜೆ ಟರ್ಬೊ ಎಂಜಿನ್‌ಗಳಲ್ಲಿ ಪೆಟ್ರೋಲ್ ಹೊತ್ತಿಗೆ ಮೊದಲೇ ಉರಿದು ಆಗುವ ಬಡಿತವನ್ನೂ ಟೈಮಿಂಗ್ ಚೈನಿನ ಸವೆತವನ್ನೂ ಗಮನದಲ್ಲಿಟ್ಟು ರೂಪಿಸಿದ್ದು. ಬೈಕಿನ ಆಯಿಲ್ ಕಾರಿಗೆ ಬೇಡ.

ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ರೂಪಿಸಿದ ಸಿಂಥೆಟಿಕ್ ಆಯಿಲ್ ಹಾಕಿದರೆ ಎರಡು ವರ್ಷ ತಿರುಗಿ ನೋಡಬೇಕಿಲ್ಲ ಎಂಬುದು ತಪ್ಪು. ಬಿಸಿಗೆ ಅದು ಹೆಚ್ಚು ತಾಳುತ್ತದೆ, ನಿಜ. ಬೆರೆಯುವ ನೀರು, ಪೆಟ್ರೋಲ್ ಮಾತ್ರ ಯಾವ ಆಯಿಲ್‌ಗಾದರೂ ಅಷ್ಟೇ. ಚಿಕ್ಕ ಓಡಾಟದವರಿಗೆ ದುಬಾರಿ ಆಯಿಲ್ ವರ್ಷಕ್ಕೊಮ್ಮೆ ಹಾಕುವುದಕ್ಕಿಂತ, ಪುಸ್ತಕದ ದರ್ಜೆಗೆ ಹೊಂದುವ ಸಾಧಾರಣ ಬೆಲೆಯದನ್ನು ಆರು ತಿಂಗಳಿಗೊಮ್ಮೆ ಹಾಕುವುದು ಮೇಲು.

ಆರನೇ ಹೆಜ್ಜೆ: ಎದುರಿಗೆ ನಿಂತು ಮಾಡಿಸಿ

ಹತ್ತು ಕಿಲೋಮೀಟರ್ ಓಡಿಸಿ ಎಂಜಿನ್ ಬಿಸಿಯಿರುವಾಗಲೇ ಹೋಗಿ. ಬಿಸಿ ಆಯಿಲ್ ಕೊಳೆಯನ್ನೂ ಹೊತ್ತುಕೊಂಡು ಇಳಿಯುತ್ತದೆ. ಡಬ್ಬಿಯ ಸೀಲನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಕೆಳಗಿನ ಬೋಲ್ಟ್ ಬಿಚ್ಚಿ ಧಾರೆ ನಿಂತು ಹನಿಯಾಗುವವರೆಗೆ ಬಿಡಲು ಹೇಳಿ. ಬೋಲ್ಟಿನ ವಾಷರ್ ಹೊಸದಿರಲಿ. ಆಯಿಲ್ ಫಿಲ್ಟರ್ ಪ್ರತಿ ಸಲವೂ ಬದಲಾಗಬೇಕು. ಹಳೆಯದರೊಳಗೆ ಕೊಳಕು ಆಯಿಲ್ ನಿಂತೇ ಇರುತ್ತದೆ, ಹೊಸದಕ್ಕೆ ಬೆರೆಯುತ್ತದೆ. ಸಣ್ಣ ಕಾರುಗಳಿಗೆ ಸುಮಾರು ಮೂರರಿಂದ ಮೂರೂವರೆ ಲೀಟರ್ ಹಿಡಿಯುತ್ತದೆ. ನಿಮ್ಮದಕ್ಕೆ ಎಷ್ಟೆಂದು ಪುಸ್ತಕದಲ್ಲಿದೆ, ಅದಕ್ಕಿಂತ ಹೆಚ್ಚು ಸುರಿಯಬಾರದು. ಎಂಜಿನ್ ತೊಳೆಯುವ ದ್ರವ ಹಾಕುತ್ತೇವೆ ಎಂದರೆ ಬೇಡ ಎನ್ನಿ. ಸಮಯಕ್ಕೆ ಬದಲಿಸುವ ಎಂಜಿನ್‌ಗೆ ಅದರ ಅಗತ್ಯವೇ ಬೀಳುವುದಿಲ್ಲ.

ಮುಗಿದ ಮೇಲೆ ಸ್ಟಾರ್ಟ್ ಮಾಡಿ. ಕೆಂಪು ದೀಪ ಕೆಲವು ಕ್ಷಣದಲ್ಲಿ ಆರಬೇಕು. ಎರಡು ನಿಮಿಷ ಬಿಟ್ಟು ನಿಲ್ಲಿಸಿ, ಬಗ್ಗಿ ಬೋಲ್ಟ್ ಮತ್ತು ಫಿಲ್ಟರ್ ಬಳಿ ಹನಿಯಿದೆಯೇ ನೋಡಿ, ಕಡ್ಡಿ ಎಳೆದು ಮಟ್ಟ ನೋಡಿ. ಬಿಲ್ಲಿನಲ್ಲಿ ದಿನಾಂಕ, ಕಿಲೋಮೀಟರ್, ಆಯಿಲ್ ದರ್ಜೆ ಮೂರೂ ಇರಲಿ. ವಾರಂಟಿಯಲ್ಲಿರುವ ಕಾರಾದರೆ ಬೇಗ ಬದಲಿಸಿದ್ದಕ್ಕೆ ತಕರಾರು ಬರುವುದಿಲ್ಲ, ತಡ ಮಾಡಿದ್ದಕ್ಕೆ ಬರಬಹುದು; ಆಗ ಈ ಬಿಲ್ಲೇ ಸಾಕ್ಷಿ.

ಮನೆಯಲ್ಲೇ ಬದಲಿಸುವವರಿಗೆ ಇನ್ನೊಂದು ಮಾತು. ಇಳಿಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಗೆದ್ದಲು ಹಿಡಿಯದಿರಲೆಂದು ಬೇಲಿ ಕಂಬಕ್ಕೆ ಬಳಿಯುವವರಿದ್ದಾರೆ, ಮೋರಿಗೆ ಸುರಿಯುವವರೂ ಇದ್ದಾರೆ. ನಮ್ಮ ಮೋರಿಗಳ ನೀರು ಕೊನೆಗೆ ಸೇರುವುದು ಯಗಚಿ, ಹೇಮಾವತಿಯಂಥ ಹೊಳೆಗಳನ್ನೇ. ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ಹಳೆ ಆಯಿಲ್ ಸಂಗ್ರಹಿಸುವ ಸರ್ವೀಸ್ ಸೆಂಟರಿಗೆ ಕೊಡಿ. ಕೊಟ್ಟು ಬಂದ ದಿನವೇ ನೋಟ್‌ಬುಕ್ಕಿನಲ್ಲಿ ಮುಂದಿನ ಸಲ ಬದಲಿಸುವುದು ಯಾವ ತಿಂಗಳು, ಎಷ್ಟು ಕಿಲೋಮೀಟರಿಗೆ ಎಂದು ಎರಡನ್ನೂ ಬರೆದಿಡಿ. ನನ್ನ ಪುಟದಲ್ಲಿ "ಯುಗಾದಿ" ಎಂದಿದೆ. ಭಾವನ ಪುಟದಲ್ಲಿರುವುದು ಬರೀ ಅಂಕಿ.